ಕಸೂತಿ ಮೊದಲು, ಅಸ್ತರು ಆಮೇಲೆ

ರಾಜ್ಯೋತ್ಸವ ಸಮೀಪಿಸಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಾವು ಮಕ್ಕಳ ವೇಷಭೂಷಣವನ್ನು ಬಾಡಿಗೆಗೆ ಅರಸುತ್ತೇವೆ. ಅಜ್ಜಿಯ ಇಳಕಲ್ ಸೀರೆ ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ. ಅದರಿಂದಲೇ ಪರಕಾರ ಪೋಲಕ ಹೊಲಿದು, ಕಸೂತಿಯಿಂದ ಸಿಂಗರಿಸಬಹುದಲ್ಲವೆ?

ಧಾರವಾಡ ಸೀಮೆಯ ಕಸೂತಿಗೆ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ 4 ಹೊಲಿಗೆಗಳು. ಗೆರೆ ಬರೆಯದೆ, ಬಟ್ಟೆಯ ಎಳೆ ಎಣಿಸಿ, ದಾರಕ್ಕೆ ಗಂಟಿಕ್ಕದೆ ಹಾಕುವುದು ಇದರ ಕ್ರಮ. ಪದರ ಕೂಡಿದರೆ ಎಳೆಯ ಎಣಿಕೆ ಕಷ್ಟ. ಆದುದರಿಂದ ಒಂಟಿ ಬಟ್ಟೆಯ ಮೇಲೆ ಕಸೂತಿ ಮುಗಿಸಿ, ಬಳಿಕ ಹತ್ತಿಯ ಅಸ್ತರು ಜೋಡಿಸಬೇಕು. ಆಗ ಹಿಂಬದಿಯ ದಾರ ಬಳೆಗೆ ಸಿಕ್ಕದು, ಹಳೆಯ ಸೀರೆಗೂ ಬಲ ಬರುವುದು.

ಎಳೆ ಎಣಿಸಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಕಲಿತುಕೊಳ್ಳೋಣ.