ಕಾರ್ಬುರೇಟರಿಗೆ ಪ್ಲಗ್ಗೇ ಸಾಕ್ಷಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, ಅಲ್ಲಿಯ ಜಾವಾ, ಯೆಜ್ದಿ ಗಾಡಿಗಳನ್ನು ಜೋಪಾನವಾಗಿಟ್ಟವರು ನಮ್ಮ ಪುಣೆಯಲ್ಲಿ ಇಂದಿಗೂ ಇದ್ದಾರೆ. ಹೆಚ್ಚಿನ ವೇಗದ ಆಸೆಯಿಂದ ಕೆಲವರು ಸೈಲೆನ್ಸರ್, ಏರ್ ಫಿಲ್ಟರ್ ಬದಲಿಸುತ್ತಾರೆ. ಆಗ ಇಂಜಿನ್ನಿಗೆ ಗಾಳಿ ಹೆಚ್ಚಿ, ಕಾರ್ಬುರೇಟರು ಕೊಡುವ ಪೆಟ್ರೋಲು ಸಾಲದಾಗುತ್ತದೆ. ಈ ಟೂ-ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆಯೂ ಪೆಟ್ರೋಲಿನೊಡನೆಯೇ ಬರಬೇಕು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಕಾವು ಹೆಚ್ಚಿ ಪಿಸ್ಟನ್ ಹಿಡಿದುಕೊಂಡರೆ, ಓಡುವ ಗಾಡಿಯ ಹಿಂದಿನ ಚಕ್ರವೇ ನಿಂತೀತು.

ಸ್ವಲ್ಪ ದೂರ ಓಡಿಸಿ, ಇಂಜಿನ್ ಆರಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಿರಿ. ತುದಿ ಕಾಫಿಪುಡಿಯ ಬಣ್ಣವಿದ್ದರೆ ಕ್ಷೇಮ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಸಾಲದು. ಸಾಲದಿದ್ದರೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿರಿ. ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಪೂರ್ಣ ವೇಗದಲ್ಲಿಯೂ ಸಾಲದಿದ್ದರೆ ದೊಡ್ಡ ಜೆಟ್ ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಊರಿಗೆ ಹೊರಟವರು ಖಂಬಾಟಕಿ ಘಾಟ ಏರುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳುವುದು ಲೇಸು.