ಸಿಸೇರಿಯನ್ ಹೆರಿಗೆಯ ನಂತರ: ಬಾಣಂತಿಯ ಗಾಯ ಮತ್ತು 'ನಂಜು'

ನಮ್ಮ ಕಡೆ ಬಾಣಂತನದ ಮಾತು ಬಂದರೆ 'ನಂಜು' ಎಂಬ ಪದ ಬಾರದೆ ಇರುವುದಿಲ್ಲ. ಬದನೆಕಾಯಿ ನಂಜು, ಮೊಸರು ನಂಜು, ಸೊಪ್ಪು ನಂಜು ಎಂದು ಹಿರಿಯರು ಒಂದೊಂದನ್ನೇ ಬಾಣಂತಿಯ ತಟ್ಟೆಯಿಂದ ತೆಗೆಯುತ್ತಾ ಹೋಗುತ್ತಾರೆ. ಇದರ ಹಿಂದಿರುವುದು ಅಕ್ಕರೆಯೇ. ಆದರೆ ಹೊಟ್ಟೆ ಕೊಯ್ದು ಹೆರಿಗೆಯಾದವಳ ಗಾಯಕ್ಕೆ ನಂಜೇರುವುದು ತಟ್ಟೆಯ ಆಹಾರದಿಂದಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಾಣುಜೀವಿಗಳಿಂದ. ಈ ಭೇದವನ್ನು ಮನೆಯವರು ಅರಿತರೆ ಎಷ್ಟೋ ತಾಯಂದಿರ ಜೀವ ಉಳಿದೀತು.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಮಾಡಿಸುವವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂಬ ನಿಯಮ ತಂದರು. ಶೇ. 18ರಷ್ಟಿದ್ದ ಬಾಣಂತಿಯರ ಮರಣ ಕೆಲವೇ ವಾರಗಳಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು. ಆ ತಾಯಂದಿರ ಆಹಾರದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದದ್ದು ಅವರನ್ನು ಮುಟ್ಟುವ ಕೈಗಳ ಶುಚಿತ್ವ ಮಾತ್ರ.

ಮನೆಯವರೇ ಕಾವಲುಗಾರರು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದಲೇ ಆಗುತ್ತಿವೆ. ಅಂದರೆ ಮೂವರು ಬಾಣಂತಿಯರಲ್ಲಿ ಹೆಚ್ಚುಕಡಿಮೆ ಒಬ್ಬಳ ಹೊಟ್ಟೆಯ ಮೇಲೆ ಗಾಯವಿರುತ್ತದೆ. 2018–20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು ಮೃತಪಟ್ಟರೆ, ನಮ್ಮ ರಾಜ್ಯದಲ್ಲಿ 69 ಮಂದಿ ಮೃತಪಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಅತಿ ಹೆಚ್ಚಿನ ಸಂಖ್ಯೆ ನಮ್ಮದೇ ಆಗಿತ್ತು.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರ ಮರಣ ನಾಡನ್ನೇ ಕಲಕಿತು. ಅಲ್ಲಿ ಸಂಶಯ ಮೂಡಿದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಗಾಯದ ನಂಜಿನ ಮೇಲಲ್ಲ. ಅಂತಹ ದೋಷವನ್ನು ತಡೆಯುವ ಹೊಣೆ ಸರ್ಕಾರದ್ದು, ಆಸ್ಪತ್ರೆಯದು. ಆದರೆ ಬಳಿಕ ನಡೆದ ಪರಿಶೀಲನೆಯಲ್ಲಿ, ರಾಜ್ಯದ ತಾಯಂದಿರ ಮರಣಗಳಲ್ಲಿ ಬಹುಪಾಲು ತಡೆಯಬಹುದಾಗಿದ್ದವೆಂಬ ಅಂಶ ಹೊರಬಂದುದು ನಮ್ಮೆಲ್ಲರನ್ನೂ ಚಿಂತನೆಗೆ ಹಚ್ಚಬೇಕು.

ಗಾಯದ ನಂಜು ಸಾಮಾನ್ಯವಾಗಿ ತಲೆದೋರುವುದು ನಾಲ್ಕನೆಯ ದಿನದಿಂದ ಹತ್ತನೆಯ ದಿನದ ನಡುವೆ. ಕೆಲವೊಮ್ಮೆ ತಿಂಗಳೊಳಗೆ ಯಾವಾಗಲಾದರೂ. ಅಷ್ಟರಲ್ಲಿ ಬಾಣಂತಿ ತವರು ಸೇರಿರುತ್ತಾಳೆ. ದಾಬಸ್‌ಪೇಟೆ, ಶಿವಗಂಗೆ, ಸೋಂಪುರದ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ನೆಲಮಂಗಲದಲ್ಲೋ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಹೆತ್ತು ಊರಿಗೆ ಮರಳುತ್ತಾರೆ. ಹೀಗಾಗಿ ನಂಜನ್ನು ಮೊದಲು ಕಾಣುವ ಕಣ್ಣು ತಾಯಿಯದೋ ಅತ್ತೆಯದೋ ಆಗಿರುತ್ತದೆ, ವೈದ್ಯರದಲ್ಲ.

ನಮ್ಮ ಶಾಸ್ತ್ರ ಏನು ಹೇಳುತ್ತದೆ?

ಸುಶ್ರುತಸಂಹಿತೆಯಲ್ಲಿ ವ್ರಣಚಿಕಿತ್ಸೆಗೆ 60 ಉಪಕ್ರಮಗಳಿವೆ. ಗಾಯಗೊಂಡವನ ಕೋಣೆ ಹೇಗಿರಬೇಕು ಎಂಬುದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಗಾಯದ ಬಣ್ಣ, ವಾಸನೆ, ಸ್ರಾವ, ನೋವುಗಳನ್ನು ಪರೀಕ್ಷಿಸಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಬಾಣಂತಿಯ ಪರಿಚರ್ಯೆಯ ಅವಧಿ ಒಂದೂವರೆ ತಿಂಗಳು ಎಂದಿದ್ದಾರೆ.

ಆದರೆ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಯಬೇಕು. ತಾಯಿ ಮೃತಳಾಗಿ ಶಿಶು ಮಿಸುಕುತ್ತಿದ್ದರೆ ಉದರವನ್ನು ಸೀಳಿ ಶಿಶುವನ್ನು ತೆಗೆಯುವ ಮಾತು ಸುಶ್ರುತನಲ್ಲಿದೆ. ಎಣ್ಣೆ ತಿಕ್ಕುವುದು, ಬಿಸಿನೀರು ಎರೆಯುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು ಮುಂತಾದ ಸೂತಿಕಾ ಪರಿಚರ್ಯೆಗಳಾದರೋ ಸಹಜವಾಗಿ ಹೆತ್ತವಳನ್ನು ಉದ್ದೇಶಿಸಿದವು. ಹೊಲಿಗೆ ಹಾಕಿದ ಹೊಟ್ಟೆಗೆ ಅವನ್ನು ಹಾಗೆಯೇ ಅನ್ವಯಿಸುವುದು ಶಾಸ್ತ್ರಪಾಲನೆಯಾಗದು.

ತಡಮಾಡಬಾರದ ಲಕ್ಷಣಗಳು

ಈ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಅಂದೇ ವೈದ್ಯರನ್ನು ಕಾಣಬೇಕು:

• 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಚಳಿ ನಡುಕ.
• ಗಾಯದ ಸುತ್ತ ಕೆಂಪು, ಬಾವು, ಬಿಸಿ. ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರುವುದು.
• ಕೀವು, ದುರ್ವಾಸನೆಯ ನೀರು ಒಸರುವುದು, ಹೊಲಿಗೆ ಬಿಚ್ಚಿಕೊಳ್ಳುವುದು.
• ದುರ್ವಾಸನೆಯ ಕೆಳಸ್ರಾವ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು.

ಇನ್ನು ಕೆಲವು ಲಕ್ಷಣಗಳಿದ್ದರೆ ಗಂಟೆಗಳ ವಿಳಂಬವೂ ಸಲ್ಲದು. ಗಾಯದ ಸುತ್ತಲ ಚರ್ಮ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ಗುಳ್ಳೆಗಳೇಳುವುದು, ಹೊರಗೆ ಕಾಣುವ ಗಾಯಕ್ಕೆ ಮೀರಿದ ಯಾತನೆ ಇವು ಚರ್ಮದಡಿಯ ಪದರವೇ ಕೊಳೆಯುತ್ತಿರುವುದರ ಸೂಚನೆ. ಏದುಸಿರು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು ಅಥವಾ ಮಂಕು ಕವಿಯುವುದು, ಕೈಕಾಲು ತಣ್ಣಗಾಗುವುದು ಇವು ನಂಜು ಮೈಯೆಲ್ಲ ವ್ಯಾಪಿಸಿದ್ದರ ಕುರುಹು. ಆಗ ಜ್ವರ ಇಳಿದಂತೆ ಕಂಡರೂ ಸಮಾಧಾನ ಪಡಬಾರದು. ಕೂಡಲೇ 108ಕ್ಕೆ ಕರೆ ಮಾಡಿರಿ. ಇಂತಹ ಸ್ಥಿತಿಗೆ ಕಷಾಯ, ಲೇಪಗಳಲ್ಲಿ ಪರಿಹಾರವಿಲ್ಲ ಎಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಬೇಕಾದದ್ದು ಶಸ್ತ್ರಚಿಕಿತ್ಸಕರಿರುವ ದೊಡ್ಡ ಆಸ್ಪತ್ರೆ.

ಮಧುಮೇಹ, ರಕ್ತಹೀನತೆ, ಅತಿತೂಕ ಇರುವವರಲ್ಲಿ ಹಾಗೂ ನೀರು ಹೋಗಿ ಬಹಳ ಹೊತ್ತು ನೋವು ತಿಂದ ನಂತರ ಸಿಸೇರಿಯನ್ ಆದವರಲ್ಲಿ ನಂಜಿನ ಸಂಭವ ಹೆಚ್ಚು. ಇವರನ್ನು ವಿಶೇಷವಾಗಿ ಗಮನಿಸಬೇಕು.

ಆರೈಕೆಯ ಕ್ರಮ

ಗಾಯವನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ. ಗಾಯಕ್ಕೆ ಅರಿಶಿನ, ಬೂದಿ, ಕಾಫಿಪುಡಿ, ಎಣ್ಣೆ ಏನನ್ನೂ ಹಚ್ಚಬೇಡಿ. ವೈದ್ಯರು ಅನುಮತಿಸಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ. ಕುದಿನೀರನ್ನು ಹೊಟ್ಟೆಯ ಮೇಲೆ ರಭಸದಿಂದ ಎರೆಯಬೇಡಿ. ಸಿಸೇರಿಯನ್ ಗಾಯ ಸಾಮಾನ್ಯವಾಗಿ ಕಿಬ್ಬೊಟ್ಟೆಯ ಮಡಿಕೆಯಲ್ಲಿರುವುದರಿಂದ ಅಲ್ಲಿ ಬೆವರು, ತೇವ ನಿಲ್ಲುತ್ತದೆ. ಶುಭ್ರವಾದ ಹತ್ತಿಬಟ್ಟೆಯಿಂದ ಮೆಲ್ಲನೆ ಒತ್ತಿ ಒರೆಸಿ ಒಣಗಿಸಿ. ಲಂಗದ ಲಾಡಿ ಗಾಯದ ಮೇಲೆ ಉಜ್ಜದಂತೆ ನೋಡಿಕೊಳ್ಳಿ.

'ನೀರು ಕುಡಿದರೆ ಹೊಟ್ಟೆ ಬರುತ್ತದೆ' ಎಂದು ಬಾಯಾರಿದವಳಿಗೆ ನೀರು ನಿರಾಕರಿಸುವುದು ಸಲ್ಲದು. ಗಾಯ ಮಾಯಲು ಪೌಷ್ಟಿಕ ಆಹಾರ ಬೇಕು. ಹೆಸರುಬೇಳೆ, ತೊಗರಿಬೇಳೆ, ಹಾಲು, ಮೊಸರು, ರಾಗಿ, ಬೇಯಿಸಿದ ಸೊಪ್ಪು ತರಕಾರಿ, ಹಣ್ಣು ಎಲ್ಲವನ್ನೂ ಜೀರ್ಣಶಕ್ತಿಗೆ ತಕ್ಕಂತೆ ಕೊಡಿ. ಜೀರಿಗೆ, ಶುಂಠಿ, ಬೆಳ್ಳುಳ್ಳಿಯ ಬಳಕೆ ಮುಂದುವರಿಯಲಿ. ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಮಗುವಿನ ಹಾಲಿಗೆ ತೊಂದರೆಯಾದೀತೆಂದು ನೀವಾಗಿಯೇ ನಿಲ್ಲಿಸಬೇಡಿ, ಹಾಲೂಡಿಸುವುದನ್ನೂ ಬಿಡಿಸಬೇಡಿ. ಸಂದೇಹವಿದ್ದರೆ ಕೇಳಿ.

ಜನನಸೂತಕವನ್ನು ನಮ್ಮ ಶರಣರು ಒಪ್ಪಲಿಲ್ಲ. ಹಾಗಿದ್ದೂ ಕೆಲವು ಮನೆಗಳಲ್ಲಿ ಬಾಣಂತಿಯನ್ನು ಇಂದಿಗೂ ಗಾಳಿ ಬೆಳಕಿಲ್ಲದ ಮೂಲೆಕೋಣೆಯಲ್ಲಿ ಸಾಂಬ್ರಾಣಿ ಹೊಗೆಯ ನಡುವೆ ಕೂರಿಸುವುದನ್ನು ಕಾಣುತ್ತೇವೆ. ಕತ್ತಲಲ್ಲಿ ಗಾಯದ ಬಣ್ಣ ಕಾಣುವುದಿಲ್ಲ. ಸಂಕೋಚದಿಂದ ಆಕೆ ಹೇಳುವುದೂ ಇಲ್ಲ. ದಿನಕ್ಕೊಮ್ಮೆ ಬೆಳಕಿನಲ್ಲಿ ಗಾಯವನ್ನು ನೋಡಿ, ಥರ್ಮಾಮೀಟರ್ ಇಟ್ಟು ಜ್ವರ ಅಳೆಯುವುದು ಮನೆಯ ಹಿರಿಯ ಹೆಣ್ಣುಮಗಳ ನಿತ್ಯದ ಕಾಯಕವಾಗಲಿ.

ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಗುವನ್ನಷ್ಟೇ ತೋರಿಸದೆ ತಾಯಿಯ ಗಾಯವನ್ನೂ ತೋರಿಸಿರಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆಯ ನಂತರದ ತೊಂದರೆಗಳಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತವಾಗಿದೆ. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ಮತ್ತು ಬಿಡುಗಡೆಯ ಚೀಟಿ ಜೊತೆಯಲ್ಲಿರಲಿ. 'ನಾಳೆ ನೋಡೋಣ', 'ಅಮಾವಾಸ್ಯೆ ಕಳೆಯಲಿ' ಎಂಬ ಮಾತು ಬೇಡ. ಬಾಣಂತಿಗೆ ಜ್ವರ ಬಂದ ದಿನವೇ ಆಸ್ಪತ್ರೆಗೆ ಹೊರಡುವ ದಿನವೆಂದು ತಿಳಿಯಿರಿ.