ಗೂಟಕ್ಕೆ ತೂಗುವ ಹಳೆಯ ಏರ್‌ಗನ್

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕುಳಿತು ಹಿರಿಯರನ್ನು ಮಾತಿಗೆ ಎಳೆದರೆ, ಕೆಲವು ಕಡೆಯಾದರೂ ಏರ್‌ಗನ್ನಿನ ಸುದ್ದಿ ಬರುತ್ತದೆ. ಗೋಡೆಯ ಗೂಟಕ್ಕೆ ತೂಗುಹಾಕಿದ, ಕೈ ತಾಗಿ ತಾಗಿ ಕಟ್ಟಿಗೆ ನುಣುಪಾದ ಒಂದು ಬಂದೂಕು. ಅದಕ್ಕೆ ಮದ್ದು ಬೇಡ, ತೋಟಾ ಬೇಡ. ಅಜ್ಜನಿಗೆ ಅದು ಸೀತನಿಯ ಕಾಲದಲ್ಲಿ ಜೋಳದ ಹೊಲ ಕಾಯಲು ಜೊತೆಯಾದದ್ದು. ದೊಡ್ಡಪ್ಪನಿಗೆ ಜಾತ್ರೆಯಲ್ಲಿ ಬಲೂನು ಒಡೆದ ನೆನಪು. “ಆವಾಗ ಇದರ ಹೊಡೆತ ಬ್ಯಾರೇನ ಇತ್ತು. ಈಗ ದಮ್ಮಿಲ್ಲ ಬಿಡಪಾ” ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಗಾಳಿಯಿಂದಲೇ ನಡೆಯುವ ಯಂತ್ರಕ್ಕೆ “ದಮ್ಮು” ಎಂಬುದಕ್ಕಿಂತ ಸರಿಯಾದ ಮಾತಿಲ್ಲ. ವಿದ್ಯಾರ್ಥಿ ಮಿತ್ರರೇ, ಆ ದಮ್ಮು ಎಲ್ಲಿಂದ ಬರುತ್ತಿತ್ತು, ಎಲ್ಲಿ ಸೋರಿಹೋಯಿತು, ಇನ್ನೂ ಎಷ್ಟು ಉಳಿದಿದೆ ಎಂಬುದನ್ನು ನೋಡೋಣ. ಕೊನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು. “ದಮ್ಮಿಲ್ಲ” ಎಂಬ ಮಾತನ್ನು ನಂಬಿ ಮನೆಯ ಹುಡುಗರು ಅದನ್ನು ಆಟಕ್ಕೆ ಇಳಿಸಿಕೊಳ್ಳುತ್ತಾರೆ.

ನಮ್ಮ ಕಡೆಯ ಹಳೆಯ ಏರ್‌ಗನ್ನುಗಳಲ್ಲಿ ಹೆಚ್ಚಿನವು ನಳಿಗೆಯನ್ನು ಬಗ್ಗಿಸಿ ಸಜ್ಜುಗೊಳಿಸುವಂಥವು. ನಳಿಗೆ ಬಗ್ಗಿದಾಗ ಅದಕ್ಕೆ ಜೋಡಿಸಿದ ಸನ್ನೆಯೊಂದು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಬಲವಾದ ಸುರುಳಿ ಸ್ಪ್ರಿಂಗನ್ನು ಅದುಮುತ್ತದೆ. ಒಂದು ಕೊಕ್ಕೆ ಪಿಸ್ಟನ್ನನ್ನು ಹಿಡಿದು ನಿಲ್ಲಿಸುತ್ತದೆ. ಈ ಹಂತದಲ್ಲಿ ಒಳಗಿರುವುದು ಒತ್ತಿದ ಗಾಳಿಯಲ್ಲ, ಮಾಮೂಲಿ ಗಾಳಿಯೇ, ಶಕ್ತಿಯೆಲ್ಲ ಸ್ಪ್ರಿಂಗಿನಲ್ಲಿದೆ. ನಳಿಗೆಯ ಬುಡದಲ್ಲಿ ಸೀಸದ ಪೆಲೆಟ್ ಇಟ್ಟು, ನಳಿಗೆಯನ್ನು ಮೊದಲಿನಂತೆ ಮುಚ್ಚಿ, ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ, ಪಿಸ್ಟನ್ ಮುನ್ನುಗ್ಗುತ್ತದೆ, ಮುಂದಿನ ಗಾಳಿ ಕ್ಷಣಾರ್ಧದಲ್ಲಿ ಅದುಮಿಕೊಂಡು ಪೆಲೆಟ್ಟನ್ನು ದೂಡುತ್ತದೆ. ಟಿ.ವಿ. ಕ್ಯಾಮೆರಾ ಸೆಕೆಂಡಿಗೆ 25 ಚಿತ್ರಗಳನ್ನು ಹಿಡಿಯುತ್ತದೆ. ಇದೆಲ್ಲವೂ ಅಂಥ ಒಂದೇ ಚಿತ್ರದ ಅವಧಿಯೊಳಗೆ ಮುಗಿದುಹೋಗುತ್ತದೆ. ತೆರೆಯ ಮೇಲೆ ತೋರಿಸಲಾಗದ್ದನ್ನು ಪುಟದ ಮೇಲೆ ಬಿಡಿಸಿ ಹೇಳುವ ಅನುಕೂಲ ಇಲ್ಲಿದೆ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಬಲ್ಲಿರಿ. ಗಾಳಿಯನ್ನು ಬೇಗನೆ ಅದುಮಿದರೆ ಉಷ್ಣ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. ಏರ್‌ಗನ್ನಿನ ಸಿಲಿಂಡರಿನಲ್ಲಿ ಆ ಕ್ಷಣಕ್ಕೆ ಉಷ್ಣತೆ ಹಲವು ನೂರು ಡಿಗ್ರಿಗೆ ಏರುತ್ತದೆ. ಡೀಸೆಲ್ ಎಂಜಿನ್ನಿನ ತತ್ತ್ವವೂ ಇದೇ. ಆದ್ದರಿಂದಲೇ, ಹಳೆಯ ಗನ್ನಿಗೆ ಜೀವ ಬರಲೆಂದು ಸಿಲಿಂಡರಿನೊಳಗೆ ಹೊಲಿಗೆ ಯಂತ್ರದ ಎಣ್ಣೆ ಸುರಿದರೆ, ಆ ಎಣ್ಣೆ ಹೊತ್ತಿಕೊಂಡು ಜೋರಾದ ಶಬ್ದವೂ ಹೊಗೆಯೂ ಬರುತ್ತವೆ. ಹುಡುಗರಿಗೆ ಅದು ದಮ್ಮು ಮರಳಿ ಬಂದಂತೆ ಕಾಣುತ್ತದೆ. ಹಾಗಾಗಿರುವುದಿಲ್ಲ. ಒಳಗೆ ಆಗುವುದು ಸಣ್ಣದೊಂದು ಸ್ಫೋಟ. ಅದು ಸ್ಪ್ರಿಂಗನ್ನೂ ವಾಷರನ್ನೂ ಹಾಳು ಮಾಡುತ್ತದೆ.

ದಮ್ಮು ಹೋಗುವುದು ಮುಖ್ಯವಾಗಿ ಆ ವಾಷರಿನಿಂದಲೇ. ಹಳೆಯ ಗನ್ನುಗಳಲ್ಲಿ ಪಿಸ್ಟನ್ನಿನ ತಲೆಗೆ ತೊಗಲಿನ ವಾಷರ್ ಇರುತ್ತದೆ. ವರ್ಷಗಟ್ಟಲೆ ಗೂಟದ ಮೇಲೆ, ರಾಯಚೂರು ಸೀಮೆಯ ಬೇಸಿಗೆಯಲ್ಲಿ, ತೊಗಲು ಒಣಗಿ ಕುಗ್ಗದೆ ಇದ್ದೀತೆ? ಗಾಳಿ ಅದರ ಅಂಚಿನಿಂದ ಸೋರುತ್ತದೆ. ನಳಿಗೆ ಸೇರುವ ಜಾಗದ ವಾಷರ್ ಸವೆದರೆ ಅಲ್ಲಿಂದಲೂ ಸೋರುತ್ತದೆ. ಸಜ್ಜುಗೊಳಿಸಿ ಹಾಗೆಯೇ ಇಟ್ಟಿದ್ದರೆ ಸ್ಪ್ರಿಂಗೂ ಸೋತಿರುತ್ತದೆ. ಜಾತ್ರೆಯ ಅಂಗಡಿಯ ಗನ್ನಿನಲ್ಲಿ ಗುರಿ ತಪ್ಪುವುದು ನಿಮ್ಮ ಕೈಯ ದೋಷವೇ ಆಗಿರಬೇಕಿಲ್ಲ. ದಿನಕ್ಕೆ ನೂರಾರು ಸಲ ಹೊಡೆದು ಸವೆದ ನಳಿಗೆ, ಸಡಿಲ ಪೆಲೆಟ್, ಜಗ್ಗಿದ ಗುರಿಕಡ್ಡಿ ಮೂರೂ ಅಲ್ಲಿ ಸೇರಿರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಡಮರುವಿನಂತೆ ನಡು ಸಣ್ಣಗಿರುವ 4.5 ಮಿ.ಮೀ. ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ. ಒಳ್ಳೆಯ ಸ್ಥಿತಿಯ ಗನ್ನಿನಿಂದ ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಚಲನಶಕ್ತಿ 10 ಜೌಲ್. ಒಂದು ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು. ಆದರೆ ಕಲ್ಲಿನ ಹೊಡೆತ ಅಂಗೈಯಗಲಕ್ಕೆ ಹರಡುತ್ತದೆ. ಇದರದ್ದು 16 ಚದರ ಮಿ.ಮೀ. ಜಾಗದಲ್ಲಿ, ಒಂದು ಮೆಣಸಿನ ಕಾಳಿನಷ್ಟರಲ್ಲಿ, ಇಳಿಯುತ್ತದೆ. ಗನ್ ಹಳತಾಗಿ ವೇಗ ಅರ್ಧಕ್ಕೆ ಬಂದರೆ ಶಕ್ತಿ ಕಾಲುಭಾಗಕ್ಕೆ, ಅಂದರೆ ಎರಡೂವರೆ ಜೌಲಿಗೆ ಇಳಿಯುತ್ತದೆ. ಅಜ್ಜ “ದಮ್ಮಿಲ್ಲ” ಎನ್ನುವುದು ಇದನ್ನೇ. ಆದರೆ ಸೆಕೆಂಡಿಗೆ 100 ಮೀಟರ್ ಎಂದರೆ ಗಂಟೆಗೆ 360 ಕಿ.ಮೀ. ಡಬ್ಬಿಯ ತಗಡಿಗೆ ಅದು ಸಾಲದಿರಬಹುದು, ಕಣ್ಣಿಗೆ ಧಾರಾಳವಾಗಿ ಸಾಕು. ಕಲ್ಲಿಗೋ ಕಬ್ಬಿಣಕ್ಕೋ ತಾಗಿದ ಪೆಲೆಟ್ ತಿರುಗಿ ಬರುತ್ತದೆಂಬುದನ್ನೂ ಮರೆಯಬಾರದು.

ಈ ಯಂತ್ರದ ವಂಶ ದೊಡ್ಡದು. 1780ರಿಂದ ಸುಮಾರು 35 ವರ್ಷ ಆಸ್ಟ್ರಿಯಾದ ಸೈನ್ಯದಲ್ಲಿ ಗಿರಾಂಡೋನಿ ಎಂಬ ಗಾಳಿ ರೈಫಲ್ ಬಳಕೆಯಲ್ಲಿತ್ತು. ಅದರಲ್ಲಿ ಸ್ಪ್ರಿಂಗ್ ಇರಲಿಲ್ಲ. ಹಿಂಬದಿಯ ಬುರುಡೆಗೆ ಪಂಪಿನಿಂದ ಮೊದಲೇ ಗಾಳಿ ತುಂಬಿಡಬೇಕಿತ್ತು. ಇಂದಿನ ಸ್ಪರ್ಧಾ ರೈಫಲ್ಲುಗಳು ಸುತ್ತಿ ಸುತ್ತಿ ಆ ಉಪಾಯಕ್ಕೇ ಮರಳಿವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲಿ.

ಮನೆಯ ಗನ್ನಿನ ಮೇಲಿನ ಗುರುತುಗಳನ್ನು ಓದುವುದು ಒಂದು ಸ್ವಾರಸ್ಯ. ಬಿ.ಎಸ್.ಎ. ಎಂದರೆ ನಮಗೆ ಸೈಕಲ್. ಆ ಅಕ್ಷರಗಳು ಮೂಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಂದೂಕು ತಯಾರಕರವು. ಡಯಾನಾ ಜರ್ಮನಿಯ ರಾಸ್ಟಾಟ್ ಊರಿನದು. ಬೇಟೆಯ ದೇವತೆ ಬಿಲ್ಲನ್ನು ಬಿಸುಟು ಏರ್‌ಗನ್ ಎತ್ತಿ ಹಿಡಿದಿರುವುದು ಅದರ ಮುದ್ರೆ. ಎರಡನೆಯ ಮಹಾಯುದ್ಧದ ನಂತರ ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿಯೂ ಡಯಾನಾ ಹೆಸರಿನಲ್ಲಿ ಗನ್ ಮಾಡಿತು. ಆದ್ದರಿಂದ ಹೆಸರಿನ ಜೊತೆಗೆ ಯಾವ ದೇಶದಲ್ಲಿ ತಯಾರಾದದ್ದು ಎಂಬುದನ್ನೂ ನೋಡಬೇಕು. ಐ.ಎಚ್.ಪಿ. ಎಂದಿದ್ದರೆ ಅದು ನಮ್ಮ ದೇಶದ್ದೇ, ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯದು. ಸಿಮೆಂಟ್ ಪೈಪು ಮಾಡುವವರು ಬಂದೂಕನ್ನೂ ಮಾಡಿದ್ದು ಕೇಳಲು ವಿಚಿತ್ರ, ಆದರೆ ನಿಜ.

ಹೊಲ ಕಾಯುವ ಮಾತಿಗೆ ಬಂದರೆ ಅಜ್ಜನ ಕಾಲಕ್ಕೂ ಇಂದಿಗೂ ವ್ಯತ್ಯಾಸವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ತೆನೆ ಹಾಲುಗಟ್ಟಿದಾಗ ಹಕ್ಕಿಗಳ ಹಿಂಡು ಇಳಿಯುವುದೂ, ಸೂರ್ಯಕಾಂತಿಗೆ ಗಿಣಿಗಳು ಮುತ್ತುವುದೂ, ರೈತನಿಗೆ ನಷ್ಟವಾಗುವುದೂ ಸುಳ್ಳಲ್ಲ. ಆದರೆ ಗಿಣಿಯನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕೈಯಲ್ಲಿರುವುದು ಗಾಳಿಯ ಬಂದೂಕೆಂಬ ವಿನಾಯಿತಿ ಅಲ್ಲಿಲ್ಲ. ಹಿಂಡಿನಲ್ಲಿ ಒಂದನ್ನು ಕೊಂದು ಬೆಳೆ ಉಳಿಸಿದವರೂ ಇಲ್ಲ. ಕವಣೆ, ಡಬ್ಬಿಯ ಸದ್ದು, ಹೊಳೆಯುವ ಪಟ್ಟಿ ಇವೇ ಹೆಚ್ಚು ಕೆಲಸ ಮಾಡುತ್ತವೆಂದು ನನ್ನ ಅಭಿಪ್ರಾಯ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳ ಬೇಟೆ ಮಿತಿಮೀರಿದಾಗ 2021ರಲ್ಲಿ ಏರ್‌ಗನ್ ಒಪ್ಪಿಸುವ ಆಂದೋಲನ ಆರಂಭವಾಯಿತು. ಎರಡು ಸಾವಿರಕ್ಕೂ ಹೆಚ್ಚು ಗನ್ನುಗಳನ್ನು ಜನ ತಾವಾಗಿಯೇ ತಂದುಕೊಟ್ಟರು.

ಇನ್ನು ಇಟ್ಟುಕೊಳ್ಳುವ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, ನಳಿಗೆಯ ಒಳ ಅಳತೆ 4.5 ಮಿ.ಮೀ. ಮೀರಿದರೆ ಅಥವಾ ಹೊಡೆತದ ಶಕ್ತಿ 20 ಜೌಲ್ ಮೀರಿದರೆ ಏರ್‌ಗನ್ನಿಗೂ ಪರವಾನಗಿ ಬೇಕು. ಹಳೆಯ ಬಿ.ಎಸ್.ಎ., ಡಯಾನಾಗಳಲ್ಲಿ 5.5 ಮಿ.ಮೀ. ಅಳತೆಯವೂ ಇವೆ. ಅಂಥದ್ದು ಎಷ್ಟೇ ಸೋತಿರಲಿ, ಅಜ್ಜನ ಕಾಲದ್ದೇ ಇರಲಿ, ಅಳತೆ ಅಳತೆಯೇ. ಸಂಶಯವಿದ್ದರೆ ಗನ್ನನ್ನು ಮನೆಯಲ್ಲೇ ಬಿಟ್ಟು, ಅದಕ್ಕೆ ಬಳಸುವ ಒಂದು ಪೆಲೆಟ್ಟನ್ನು ಮಾತ್ರ ಕಾಲೇಜಿನ ಪ್ರಯೋಗಶಾಲೆಗೆ ಒಯ್ದು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಐದೂವರೆ ಬಂದರೆ ಮನೆಯ ಹಿರಿಯರು ಪೊಲೀಸ್ ಠಾಣೆಯಲ್ಲಿ ವಿಚಾರಿಸಬೇಕಾಗುತ್ತದೆ. ನಾಲ್ಕೂವರೆ ಬಂದರೆ, ಸ್ಪ್ರಿಂಗ್ ಸಡಿಲಿಸಿ, ಒಣ ಬಟ್ಟೆಯಿಂದ ಒರೆಸಿ, ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿಡಲಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ.